ಅಪ್ಪ ಆರಿಸಿದ ಆಂಪ್ಲಿಫಾಯರ್

ಕಾದ ಬೆಸುಗೆಯ ಕಮಟು ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ಶಿಗ್ಗಾಂವದ ಹುಸೇನಸಾಬರ ರೇಡಿಯೋ ರಿಪೇರಿ ಅಂಗಡಿ ನೆನಪಾಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಅಪ್ಪ ನಮ್ಮಿಬ್ಬರನ್ನು ಸವಣೂರಿನಿಂದ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಅಕ್ಕ ವಸುಧಾಳಿಗೆ ಆಗ ಹದಿನಾರು, ನಾನು ಒಂಬತ್ತರ ಹುಡುಗಿ. ಅಪ್ಪ ಊರಿನ ಸಂಗೀತ ಮಾಸ್ತರರು. ಅಜ್ಜನ ಕಾಲಕ್ಕೆ ವೇದಾಂತದ ಪಾಠ ನಡೆಯುತ್ತಿದ್ದ ನಮ್ಮ ಪಡಸಾಲೆಯಲ್ಲಿ ಈಗ ತಂಬೂರಿ ನುಡಿಯುತ್ತಿತ್ತು. ಅಪ್ಪನ ಶಿಷ್ಯರಲ್ಲಿ ಅಕ್ಕನಂತೆ ನಿರಾಯಾಸವಾಗಿ ಮೇಲಿನ ಸ್ವರಕ್ಕೆ ಏರುವ ಕಂಠ ಇನ್ನೊಂದಿರಲಿಲ್ಲ.

ಹುಸೇನಸಾಬರು ತಾವೇ ಜೋಡಿಸಿದ ಎರಡು ಆಂಪ್ಲಿಫಾಯರುಗಳಲ್ಲಿ, ಅಪ್ಪ ಒಯ್ದಿದ್ದ ಒಂದೇ ರೆಕಾರ್ಡನ್ನು ಒಂದಾದ ಮೇಲೊಂದರಂತೆ ಕೇಳಿಸಿದರು. ಮೊದಲನೆಯದರಲ್ಲಿ ಹಾಡುವವರು ಎದುರಿಗೇ ಕುಳಿತಂತಿತ್ತು. ಎರಡನೆಯದು ತಗಡಿನ ಮೇಲೆ ಮೊಳೆ ಎಳೆದಂತೆ ಕಿರುಚಿತು. ಅಪ್ಪ ಎರಡನೆಯದರ ಮೇಲೆ ಕೈಯಿಟ್ಟರು.

"ಬ್ಯಾಡ್ರಿ ಗುರುಗಳ," ಎಂದರು ಹುಸೇನಸಾಬರು. "ಬರೇ ನಮ್ಮ ರುಚಿ ನೋಡಿ ಮಶೀನ್ ಆರಿಸಬಾರದ್ರಿ. ರೆಕಾರ್ಡಿನ್ಯಾಗ ಇದ್ದದ್ದನ್ನ ಇದ್ದಂಗ ಕೇಳಸೂದು ತಗೋರಿ. ಇದು ಚೀರತೈತಿ."

"ನಾ ಕೇಳೂದು ಗಾಯನ. ತಂಬೂರಿ ಝೇಂಕಾರ ಕೇಳಸದ ಮಶೀನ್ ನನಗ್ಯಾಕ?" ಅಪ್ಪ ನಕ್ಕರು. "ಮೂವತ್ತು ವರ್ಷ ಸ್ವರದಾಗ ಬಾಳ್ವೆ ಮಾಡೇನಿ. ನನ್ನ ಕಿವಿ ನನಗ ಸುಳ್ಳು ಹೇಳೂದಿಲ್ಲ."

ಆ ಮಶೀನು ನಮ್ಮ ಪಡಸಾಲೆಗೆ ಬಂತು. ಅದು ಹಾಡತೊಡಗಿದರೆ ಅವ್ವ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಕಿವಿಯಲ್ಲಿ ಸೂಜಿ ಚುಚ್ಚಿದಂತಾಗುತ್ತದೆ ಎಂದರೆ, ನಿಮಗೆ ಸಂಗೀತದ ಅಭಿರುಚಿಯೇ ಇಲ್ಲ ಎಂದು ಅಪ್ಪ ಸಿಡುಕುತ್ತಿದ್ದರು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅದೇ ಮಳೆಗಾಲದಲ್ಲಿ ಅವರು ಅಕ್ಕನ ಧ್ವನಿಯಲ್ಲೂ ಕೊರತೆ ಕಾಣತೊಡಗಿದರು. "ಮ್ಯಾಲಿನ ಸಾ ಎಲ್ಲಿ ಹೋತು? ಧ್ವನ್ಯಾಗ ಹೊಳಪ ಇಲ್ಲ," ಎನ್ನುವರು. ನಮಗೆ ಅವಳ ಧ್ವನಿ ಎಂದಿನಂತೆಯೇ ಕೇಳುತ್ತಿತ್ತು. ಅಕ್ಕ ಮಾತ್ರ ಅಪ್ಪನನ್ನೇ ನಂಬಿದಳು. ಬೆಳಗಿನ ಜಾವದಿಂದ ಸಾಧನೆಗೆ ಕುಳಿತು, ಗಂಟಲು ಕಟ್ಟಿ ಮಾತೇ ಹೊರಡದಂತಾಗುವವರೆಗೆ ಹಾಡಿದಳು. ಹಾನಗಲ್ಲಿನಲ್ಲಿ ಅವಳ ಮೊದಲ ಕಚೇರಿ ನಿಶ್ಚಯವಾಗಿತ್ತು. ಅಪ್ಪ ಅವಳ ಎದುರಿಗೇ, "ಈಕಿ ಬ್ಯಾಡ್ರಿ, ಕಂಠ ಕೆಟ್ಟದ," ಎಂದು ಕರೆಯಲು ಬಂದವರನ್ನು ಕಳಿಸಿಬಿಟ್ಟರು. ಅಂದು ಅಕ್ಕ ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟಳು. ಮರುವರ್ಷ ಮದುವೆಯಾಗಿ ಮಾಸೂರಿಗೆ ಹೋದಳು. ಅಲ್ಲಿ ದೇವರ ಮುಂದೆ ಕೂಡ ಅವಳು ಬಾಯಿಬಿಟ್ಟು ಒಂದು ಪದ ಹಾಡಲಿಲ್ಲವಂತೆ.

ಅವಳು ಹೋದ ಕೆಲವು ತಿಂಗಳಿಗೆ ಮಶೀನೂ ಮಂಕಾಯಿತೆಂದು ಅಪ್ಪ ಹುಸೇನಸಾಬರಿಗೆ ಹೇಳಿಕಳಿಸಿದರು. ಅವರು ಬಂದು ಬಿಚ್ಚಿ ನೋಡಿದರು, ಹಚ್ಚಿ ಕೇಳಿದರು. ಆಮೇಲೆ ಮೆಲ್ಲಗೆ ಎದ್ದು ಅಪ್ಪನ ಬೆನ್ನ ಹಿಂದೆ ನಿಂತು, ಅಂಗಡಿಯ ಕೀಲಿ ಗೊಂಚಲನ್ನು ಝಣಝಣ ಆಡಿಸಿದರು. ಅಡುಗೆಮನೆಯಿಂದ ಅವ್ವ ಇಣುಕಿದಳು. ಅಪ್ಪ ತಿರುಗಲಿಲ್ಲ.

"ಮಶೀನ್ ಸರಿ ಐತ್ರಿ, ಅವ್ವಾರ," ಎಂದರು ಹುಸೇನಸಾಬರು. ಅವರ ಕಣ್ಣು ತುಂಬಿತ್ತು.

ಕಿವಿಯ ನರಗಳು ಬಹಳ ದಿನದಿಂದ ಸಾಯುತ್ತಿವೆ, ಮೇಲಿನ ಸ್ವರಗಳು ಮೊದಲು ಹೋಗಿವೆ, ಔಷಧಿಯಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಅಪ್ಪನಿಗೆ ಅದನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಮನೆ ಮುಟ್ಟಿದ ಮೇಲೆ ಅವ್ವನಿಗೆ ಒಂದೇ ಹೇಳಿದರು: "ವಸುಧಾನ್ನ ಕರಸು."

ಅಕ್ಕ ನಾಗರ ಪಂಚಮಿಗೆ ಬಂದಳು. ಅಷ್ಟರಲ್ಲಿ ಅಪ್ಪನಿಗೆ ಗುಡುಗು ಕೂಡ ಕೇಳುತ್ತಿರಲಿಲ್ಲ. ಅವರು ತಾವೇ ತಂಬೂರಿಯ ಗವಸು ತೆಗೆದು, ಶ್ರುತಿ ಮಾಡಲಾಗದೆ ಹಾಗೆಯೇ ಅವಳ ಮಡಿಲಿಗಿಟ್ಟರು. "ನಿನ್ನ ಕಂಠ ಕೆಟ್ಟಿದ್ದಿಲ್ಲ, ವಸುಧಾ. ನನ್ನ ಕಿವಿ ಕೆಟ್ಟಿತ್ತು. ಒಂದ ಸಲ ಹಾಡು."

ಅಕ್ಕ ಶ್ರುತಿ ಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದಳು. ಧ್ವನಿ ಅಲ್ಲಲ್ಲಿ ಒಡೆಯಿತು, ಆದರೂ ಮೇಲಿನ ಸಾ ಮುಟ್ಟಿತು. ಅಪ್ಪ ಅವಳ ತುಟಿಗಳನ್ನೇ ನೋಡುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಮೇಲೆ ಅವರ ಕಣ್ಣುಗಳೂ ಮುಚ್ಚಿದವು. ಹಾಡು ಮುಗಿಯಿತು. ಅಕ್ಕ ತಂಬೂರಿ ಕೆಳಗಿಟ್ಟಳು. ಅಪ್ಪನ ಕೈ ತಾಳ ಹಾಕುತ್ತಲೇ ಇತ್ತು. ಅದನ್ನು ಹಿಡಿದು ನಿಲ್ಲಿಸಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.