ಕಣ್ಣು ಬಿಟ್ಟ ದೊಡ್ಡಪ್ಪ

ಮೊನ್ನೆ ತಂಗಿಯ ಅಳಿಯ ನಮ್ಮ ಮನೆಗೆ ಬಂದಿದ್ದ. ಚಾವಡಿಯ ಗೋಡೆಯಲ್ಲಿರುವ ದೊಡ್ಡಪ್ಪನ ಫೋಟೋದ ಮುಂದೆ ನಿಂತ, ಹಿಂದೆ ಸರಿದ, ಮತ್ತೆ ಹತ್ತಿರ ಹೋದ. ನನಗೆ ಖುಷಿಯಾಯಿತು. ದೊಡ್ಡಪ್ಪನ ಕಥೆ ಹೇಳಲು ಒಬ್ಬ ಸಿಕ್ಕಿದನೆಂದು ಕುರ್ಚಿ ಎಳೆದುಕೊಂಡೆ. ಅವನು ತಿರುಗಿ ಕೇಳಿದ್ದು ಇಷ್ಟೇ: "ಮಾವ, ಇದು ಯಾವ ಕಂಪೆನಿಯ ಕ್ಯಾಮರಾ?"

ನೋಡಿ, ನನಗೆ ಸಿಟ್ಟು ಬರುವುದು ಅಪರೂಪ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ಕ್ಷಮೆ ಕೇಳುವವನು. ಆದರೆ ಈ ಒಂದು ಪ್ರಶ್ನೆಗೆ ಮೈಯೆಲ್ಲ ಉರಿಯುತ್ತದೆ. ಏಕೆಂದು ಹೇಳುತ್ತೇನೆ, ನೀವಾದರೂ ಕುಳಿತುಕೊಳ್ಳಿ.

ದೊಡ್ಡಪ್ಪನಿಗೆ ಪುಂಜಾಲಕಟ್ಟೆಯಲ್ಲಿ ಜೀನಸಿನ ಅಂಗಡಿ ಇತ್ತು. ನನಗೆ ಮಾತು ಕಲಿಸಿದ್ದು ಶಾಲೆಯಲ್ಲ, ಆ ಅಂಗಡಿಯ ಬೆಂಚು. ಬೆಲ್ಲ ಕಟ್ಟುತ್ತ ಗಾದೆ ಹೇಳುವರು, ಮೆಣಸು ತೂಗುತ್ತ ಬೈಯುವರು. ಎರಡರಲ್ಲಿಯೂ ತೂಕ ಸರಿಯಾಗಿರುತ್ತಿತ್ತು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಅವನ ಮನೆಯಲ್ಲಿ ಇವತ್ತು ನೆಂಟರೋ ಜಗಳವೋ ಎಂದು ಮುಖ ನೋಡಿಯೇ ತಿಳಿದುಕೊಳ್ಳುವ ಕಣ್ಣು ಅವರದು. ಆದರೆ ಒಂದೇ ಒಂದು ಫೋಟೋದಲ್ಲಿಯೂ ಆ ಕಣ್ಣು ಇರಲಿಲ್ಲ. ಒಳಗೆ ತೆಗೆದರೆ ಫ್ಲ್ಯಾಶ್ ಮಿಂಚುವುದಕ್ಕೂ ರೆಪ್ಪೆ ಮುಚ್ಚುವುದಕ್ಕೂ ಸರಿ. ಅಂಗಳಕ್ಕೆ ಕರೆತಂದರೆ ಬಿಸಿಲಿಗೆ ಕಣ್ಣು ಹೊಲಿದು ಬಿಟ್ಟಂತೆ. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಧಾರೆ ಎರೆಯುವಾಗಲೂ ನಿದ್ದೆ, ಊಟಕ್ಕೆ ಕರೆಯುವಾಗಲೂ ನಿದ್ದೆ. "ಮಗಳನ್ನು ಕೊಟ್ಟದ್ದು ಇವರಿಗೆ ಎಚ್ಚರ ಆದ ಮೇಲೆಯೇ ಗೊತ್ತಾದದ್ದು" ಎಂದು ದೊಡ್ಡಮ್ಮ ನಗಾಡುತ್ತಿದ್ದರು.

ಪ್ರಾಯ ಏರಿದ ಹಾಗೆ ಆ ನಗು ದೊಡ್ಡಪ್ಪನಿಗೆ ಹಿಡಿಸದಾಯಿತು. ಒಂದು ದಿನ ಅಂಗಡಿಯ ಬಾಗಿಲು ಹಾಕುತ್ತ ಹೇಳಿದರು: "ನಾನು ಸತ್ತರೆ ಇವರು ಇದರಲ್ಲೇ ಒಂದನ್ನು ದೊಡ್ಡದು ಮಾಡಿ ಗೋಡೆಗೆ ಹಾಕ್ತಾರೆ ಮಾರಾಯ. ಅಲ್ಲಿಯೂ ಮಲಗಿಯೇ ಇರಬೇಕಾ ನಾನು? ಬಂದವರನ್ನು ಒಮ್ಮೆ ನೋಡ್ಲಿಕ್ಕಿಲ್ವಾ?"

ಆ ಮಾತು ನನಗೆ ನಾಟಿತು. ದೊಡ್ಡ ಡಿಜಿಟಲ್ ಕ್ಯಾಮರಾಗಳು ನಮ್ಮ ಕಡೆಗೆ ಬರಲು ಸುರುವಾಗಿದ್ದ ಕಾಲ ಅದು. ರೀಲಿನ ಚಿಂತೆಯಿಲ್ಲ, ಒಳ್ಳೆಯ ಲೆನ್ಸ್ ಹಾಕಿದರೆ ಮನೆಯೊಳಗಿನ ಬೆಳಕಿನಲ್ಲೇ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು ಎಂದು ಕೇಳಿದ್ದೆ. ಒಂದು ಕೊಳ್ಳುವುದೆಂದು ನಿಶ್ಚಯಿಸಿದೆ. ಆದರೆ ಯಾವುದು? ಮುಖ್ಯವಾಗಿ ಎರಡು ಕಂಪೆನಿಗಳು. ಹೆಸರು ಹೇಳಿದರೆ ಈಗಲೂ ಜಗಳ ಹತ್ತಿಕೊಳ್ಳುತ್ತದೆ. ಕ್ಯಾಮರಾವನ್ನು ಕೊರಳಿಗೆ ಹಾಕುವ ಪಟ್ಟಿಯ ಬಣ್ಣ ನೋಡಿ ಹಳದಿ, ಕೆಂಪು ಎಂದಿಟ್ಟುಕೊಳ್ಳಿ.

ವಿಶ್ವಣ್ಣ ಮೂಡುಬಿದಿರೆಯ ಮದುವೆ ಫೋಟೋಗ್ರಾಫರ್, ಹಳದಿಯವರು. ಹಮೀದ್ ನನ್ನ ಶಾಲೆಯ ಗೆಳೆಯ, ಶಾರ್ಜಾದಿಂದ ಮರಳಿ ಬಂಟ್ವಾಳದಲ್ಲಿ ಸ್ಟುಡಿಯೋ ಹಾಕಿದವ, ಕೆಂಪಿನವ.

"ಕೆಂಪಿನಲ್ಲಿ ಮದುಮಗಳು ಟೊಮೆಟೊ ಆಗ್ತಾಳೆ" ಎಂದರು ವಿಶ್ವಣ್ಣ.

"ಹಳದಿಯಲ್ಲಿ ತೆಗೆದರೆ ಆಲ್ಬಮ್ಮನ್ನು ಮೊದಲು ಕಾಮಾಲೆಯ ಮದ್ದು ಕೊಡುವವರಿಗೆ ತೋರಿಸ್ಬೇಕು" ಎಂದ ಹಮೀದ್.

ಒಂದು ಕಂಪೆನಿಯ ಲೆನ್ಸ್ ಇನ್ನೊಂದರ ಕ್ಯಾಮರಾಕ್ಕೆ ಕೂರುವುದಿಲ್ಲವಂತೆ! ನಮ್ಮ ಪಾತ್ರೆಗೆ ನೆರೆಮನೆಯ ಮುಚ್ಚಳ ಕೂರುತ್ತದೆ. ಇಷ್ಟು ದೊಡ್ಡ ಕಂಪೆನಿಗಳಿಗೆ ಅಷ್ಟು ನೆರೆಕರೆ ಬೇಡವೇ? ಒಮ್ಮೆ ಕೊಂಡರೆ ಜನ್ಮವಿಡೀ ಅದೇ ಪಕ್ಷ. ಕೇಳದವರೂ ಬುದ್ಧಿ ಹೇಳಿದರು. ಬೆಳ್ತಂಗಡಿ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಕೆಂಪು ಬೇಡವೆಂದ. ತೋಡಾರಿನಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದವ ಕತ್ತರಿ ನಿಲ್ಲಿಸಿ ಹಳದಿ ಬೇಡವೆಂದ. ಅವನ ಹತ್ತಿರ ಯಾವ ಬಣ್ಣದ್ದೂ ಇರಲಿಲ್ಲ. ನಾನೇನು ಕಮ್ಮಿಯೇ? ಬೆಳಿಗ್ಗೆ ಹಳದಿ, ಸಂಜೆಗೆ ಕೆಂಪು. ಆದರೆ ಇಷ್ಟು ಜನರಲ್ಲಿ ಒಬ್ಬನಾದರೂ "ಯಾರ ಫೋಟೋ ತೆಗೀಲಿಕ್ಕೆ?" ಎಂದು ಕೇಳಿದನೇ? ಅಕ್ಕಿ ಬೇಕೆಂದರೆ ದೊಡ್ಡಪ್ಪ "ಊಟಕ್ಕಾ, ದೋಸೆಗಾ?" ಎಂದು ಕೇಳಿಯೇ ಗೋಣಿ ಬಿಚ್ಚುತ್ತಿದ್ದರು.

ಕೊನೆಗೆ ಒಂದು ಭಾನುವಾರ ಇಬ್ಬರನ್ನೂ ದೊಡ್ಡಪ್ಪನ ಮನೆಗೆ ಕರೆದೆ. ಯಾವುದರಲ್ಲಿ ದೊಡ್ಡಪ್ಪನ ಕಣ್ಣು ಬರುತ್ತದೋ ಅದನ್ನು ಕೊಳ್ಳುವುದು, ಮುಗಿಯಿತು. ದೊಡ್ಡಪ್ಪ ಕ್ಷೌರ ಮಾಡಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಚಾವಡಿಯ ಕುರ್ಚಿಯಲ್ಲಿ ತಯಾರಾಗಿದ್ದರು. ರೆಪ್ಪೆ ಹೊಡೆಯದೆ ಕುಳಿತುಕೊಳ್ಳುವುದನ್ನು ದೊಡ್ಡಮ್ಮನ ಎದುರು ಅಭ್ಯಾಸವೂ ಮಾಡಿದ್ದರಂತೆ.

ಬಂದವರು ಮೊದಲು ತೆಗೆದದ್ದು ದಾಸವಾಳ. ಬಣ್ಣ ಸರಿ ಬಂದಿದೆಯೋ ಇಲ್ಲವೋ ಎಂದು ಹೂವನ್ನೇ ಕಿತ್ತು ತಂದು ಕ್ಯಾಮರಾದ ಪರದೆಯ ಪಕ್ಕ ಹಿಡಿದರು. ಆಮೇಲೆ ಬೆಕ್ಕು, ಯಾವುದರಲ್ಲಿ ಮೀಸೆ ಹೆಚ್ಚು ಕಾಣುತ್ತದೆಂದು ಎಣಿಸಿದರು. ಆಮೇಲೆ ಮಾಡಿನ ಹಂಚು.

"ದೊಡ್ಡಪ್ಪನದ್ದೊಂದು ತೆಗೆಯುವ" ಎಂದೆ.

"ನಿಲ್ಲಿ ಮಾರಾಯ್ರೆ, ಇದು ಇತ್ಯರ್ಥ ಆಗಲಿ" ಎಂದರು ವಿಶ್ವಣ್ಣ. ಕೈ ಬೀಸಿ ವಾದಿಸಲು ಅನುಕೂಲವಾಗಲೆಂದು ಇಬ್ಬರೂ ತಮ್ಮ ಕ್ಯಾಮರಾಗಳನ್ನು ನನ್ನ ಕೊರಳಿಗೆ ಹಾಕಿದರು. ಹಳದಿಯೊಂದು, ಕೆಂಪೊಂದು, ಎರಡು ನೊಗ ಹೊತ್ತ ಒಂದೇ ಎತ್ತಿನಂತೆ ನಾನು ನಡುವೆ ನಿಂತೆ.

ಅಷ್ಟರಲ್ಲಿ ಕುರ್ಚಿ ಕಿರ್ರೆಂದಿತು. ದೊಡ್ಡಪ್ಪ ಎದ್ದು ನಿಂತಿದ್ದರು.

"ನನ್ನ ಮುಖ ತೆಗೀಲಿಕ್ಕೆ ಬಂದದ್ದಾ, ಕ್ಯಾಮರಾಕ್ಕೆ ಸಂಬಂಧ ನೋಡ್ಲಿಕ್ಕೆ ಬಂದದ್ದಾ? ಕಣ್ಣು ಬಿಟ್ಟು ಬಿಟ್ಟು ನೀರು ಬಂತು ನನಗೆ. ಈ ಮನೆಯಲ್ಲಿ ಬೆಕ್ಕಿಗಿರುವ ಬೆಲೆ ನನಗಿಲ್ವಾ?"

ಆ ಕಣ್ಣು! ಅಂಗಡಿಯ ಕಣ್ಣು, ಬೈಗುಳದ ಕಣ್ಣು, ನನ್ನನ್ನು ಸಾಕಿದ ಕಣ್ಣು. ಕೊರಳಲ್ಲಿದ್ದ ಒಂದನ್ನು ಎತ್ತಿ ಒತ್ತಿಬಿಟ್ಟೆ.

ಸದ್ದು ಕೇಳಿ ದೊಡ್ಡಪ್ಪ ಥಟ್ಟನೆ ಕಣ್ಣು ಮುಚ್ಚಿದರು. ಆದರೆ ತಡವಾಗಿತ್ತು.

"ಬಂತಾ?" ಎಂದರು, ಕಣ್ಣು ಮುಚ್ಚಿಕೊಂಡೇ. ಪರದೆ ತೋರಿಸಿದೆ. ತುಂಬ ಹೊತ್ತು ನೋಡಿದರು. "ಹಾಂ. ಎಚ್ಚರ ಉಂಟು. ಇನ್ನು ಅಡ್ಡಿಯಿಲ್ಲ" ಎಂದು ಕುಳಿತರು.

ಯಾವ ಕ್ಯಾಮರಾ ಎಂದೇ? ನನಗೆ ಗೊತ್ತುಂಟು, ಹಮೀದನಿಗೂ ವಿಶ್ವಣ್ಣನಿಗೂ ಗೊತ್ತುಂಟು. ಅದನ್ನೇ ಕೊಂಡೆ. ಅದರ ಪಟ್ಟಿಯಲ್ಲಿ ದೊಡ್ಡಮ್ಮ ಕರುವಿನ ಕೊರಳಿಗೆ ಗಂಟೆ ಕಟ್ಟಿದರು. ಬಣ್ಣ ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವೂ ಅದನ್ನೇ ಹಿಡಿದುಕೊಂಡು ಹೊರಡುತ್ತೀರಿ.

ಅಳಿಯನಿಗೂ ಹೇಳಲಿಲ್ಲ. "ಕಂಪೆನಿ ಕೇಳ್ತೀಯಲ್ಲ, ಫೋಟೋದ ಒಳಗೆ ಇರುವವರು ಯಾರು ಅಂತ ಕೇಳ್ಲಿಕ್ಕೆ ನಿನಗೆ ಬಾಯಿಲ್ವಾ?" ಎಂದು ಎದ್ದು ನಿಂತೆ. ಧ್ವನಿ ಅಡುಗೆಮನೆಗೆ ಕೇಳಿಸಿರಬೇಕು, ಅಲ್ಲಿ ಪಾತ್ರೆಯ ಸದ್ದು ನಿಂತಿತು. ಹೆದರಬೇಕಾದವನು ನನ್ನ ಮುಖದತ್ತ ಮೊಬೈಲ್ ಎತ್ತಿ ಒಂದು ಕ್ಲಿಕ್ ಮಾಡಿದ. ಅದನ್ನು ಗೋಡೆಯ ಫೋಟೋದ ಪಕ್ಕ ಹಿಡಿದ.

"ಇವರು ಯಾರು ಅಂತ ಇನ್ನು ಕೇಳ್ಬೇಕಾ, ಮಾವ?"

ನೋಡಿದೆ. ಅದೇ ಕಣ್ಣು. ಮೆಲ್ಲನೆ ಕುರ್ಚಿಯಲ್ಲಿ ಕುಳಿತೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ, "ಮೊಬೈಲ್ ಯಾವ ಕಂಪೆನಿಯದ್ದು?" ಎಂಬ ಪ್ರಶ್ನೆ ನಾಲಗೆಯ ತುದಿಯ ತನಕ ಬಂತು. ದೊಡ್ಡಪ್ಪ ಗೋಡೆಯಿಂದ ನೋಡುತ್ತಿದ್ದರು. ನುಂಗಿಕೊಂಡೆ.