ಅಕ್ಕಿ ಮೂಟೆಗೆ ಕಾವಲು

ಯುದ್ಧ ಮುಗಿದಾಗ ಜಪಾನಿಯರ ಕೂಲಿ ಶಿಬಿರದಿಂದ ಬಿಡುಗಡೆಯಾದವರಿಗೆಲ್ಲ ನಮ್ಮ ಮುತ್ತಜ್ಜ ಹೊಟ್ಟೆ ತುಂಬ ಉಣಿಸಿದರು ಎಂದು ಮನೆಯವರು ಹೇಳುತ್ತಾರೆ. ಬ್ರಿಟಿಷ್ ಸೈನ್ಯದ ಒಬ್ಬ ಸಿಪಾಯಿಯ ಕೈಯಲ್ಲಿ ಅಷ್ಟು ಅನ್ನ ಎಲ್ಲಿಂದ ಬಂತು? ಡಿಬೇಟಿನಲ್ಲಿ ಪಳಗಿದ ನನಗೆ ಇದು ಎಂದೂ ಒಪ್ಪಿಗೆಯಾಗಿರಲಿಲ್ಲ.

ಈ ಈದ್‌ಗೂ ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಗೆ ಪಕ್ಕದ ಮನೆಯ ತಮಿಳು ಅಜ್ಜಿ ಬಂದರು. ಅವರ ಅಪ್ಪನನ್ನು ಜಪಾನಿಯರು ರಬ್ಬರ್ ತೋಟದಿಂದ ರೈಲು ಹಳಿ ಹಾಕಲು ಎಳೆದೊಯ್ದಿದ್ದರು. ಅಪ್ಪ ಅಂಥದೇ ಶಿಬಿರದಲ್ಲಿ, ಬಿಡುಗಡೆಯಾದ ಮೇಲೆ ತೀರಿಕೊಂಡರಂತೆ. ಬಿರಿಯಾನಿ ತಟ್ಟೆ ಹಿಡಿದು ಪ್ರತಿ ವರ್ಷದಂತೆ ಮುತ್ತಜ್ಜನನ್ನು ಕೇಳಿದರು: ಕೊನೆಗಾದರೂ ಅಪ್ಪ ಹೊಟ್ಟೆ ತುಂಬ ಉಂಡಿರಬಹುದೇ?

ಅವರಿಗೆ ಕನ್ನಡ ಬಾರದು, ಮುತ್ತಜ್ಜನಿಗೆ ತಮಿಳು ಬಾರದು. ಮಾತು ದಾಟಿಸುವವಳು ನಾನು. ಮುತ್ತಜ್ಜ ಎಂದಿನಂತೆ ಹೌದೆಂದು ತಲೆಯಾಡಿಸಿದರು. ನಾನು ಬಿಡಲಿಲ್ಲ.

"ಮುತ್ಯಾ, ಖರೇನ ಉಣಿಸಿದ್ರೇನು?"

"ಎಲ್ಲೀದವಾ! ಉಪವಾಸ ಬಿದ್ದವ್ರು ಒಮ್ಮೆಲೆ ಹೊಟ್ಟಿ ತುಂಬ ಉಂಡ್ರ ಸಾಯ್ತಾರ, ಗಂಜಿ ನೀರಷ್ಟ ಕೊಡ್ರಿ ಅಂದಿದ್ರು ಡಾಕ್ಟ್ರು. ಅಕ್ಕಿ ಮೂಟಿ ಮುಂದ ಬಂದೂಕ ಹಿಡ್ದು ನಿಂತಿದ್ದೆ. ಕೈ ಮುಗಿದು ಬೇಡಿದ್ರೂ ಕೊಡ್ಲಿಲ್ಲ."

ವಾದ ಗೆದ್ದಿದ್ದೆ. ಸುಸ್ತಾಯಿತು, ಅಷ್ಟೇ.

"ತಾತಾ ಎನ್ನ ಸೊಲ್ರಾರು, ಕಣ್ಣು?" ತಾತ ಏನೆಂದರು ಕಂದಾ, ಎಂದು ಅಜ್ಜಿ ನನ್ನತ್ತ ತಿರುಗಿದರು. ತಟ್ಟೆಯ ಅನ್ನವನ್ನು ಇನ್ನೂ ಮುಟ್ಟಿರಲಿಲ್ಲ.

"ಮುತ್ಯಾ, ಇವರಿಗೆ ಏನಂತ ಹೇಳ್ಲಿ?"