ಚೀಲಕ್ಕೊಂದು, ಮಣ್ಣಿಗೊಂದು

ಆಗಸ್ಟ್ ಇಪ್ಪತ್ನಾಲ್ಕು, ಭಾನುವಾರ. ಬರೆಯಲು ಕೂತದ್ದು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ಮುಂದಿರುವ ಹಳೇ ಡೈರಿಯ ಪುಟದ ಮೇಲೆ ಒಂದು ಹೆಬ್ಬೆರಳಿನ ಗುರುತಿದೆ. ಶಾಯಿಯದಲ್ಲ, ಆಲೂಗೆಡ್ಡೆಗೆ ಮೆತ್ತಿಕೊಂಡು ಬರುವ ಮಣ್ಣಿನದು. ಬಿದ್ದದ್ದು ನಿನ್ನೆ. ಮೂಗಿನ ಹತ್ತಿರ ತಂದರೆ ಇನ್ನೂ ಹಸಿ ವಾಸನೆ ಬರುತ್ತದೆ. ನನ್ನ ಡೈರಿಗಳಲ್ಲಿ ಕಲೆ ಬೀಳುವುದಕ್ಕೆ ನಾನು ಬಿಡುವುದಿಲ್ಲ. ಆರು ವರ್ಷದಲ್ಲಿ ಬಿದ್ದ ಕಲೆಗಳು ಒಟ್ಟು ನಾಲ್ಕು: ಮೂರು ಕಾಫಿ, ಒಂದು ಇದು. ಇದನ್ನು ಒರೆಸಲಿಲ್ಲ.

ಬರೆಯಬೇಕಾಗಿದ್ದು ಬೇರೆಯೇ. ಶಾಂತಿಗ್ರಾಮದ ಪರಿಚಯದ ಹುಡುಗಿ ಪವಿತ್ರ ಬರುವ ಗುರುವಾರ ಐರ್ಲೆಂಡಿಗೆ ಹೊರಟಿದ್ದಾಳೆ. ಎರಡು ವರ್ಷದ ಹಿಂದೆ ನಾನು ಹೋಗಿ, ಓದಿ, ವಾಪಸ್ಸು ಬಂದ ಅದೇ ಕೋರ್ಸು, ಹಾಲಿನ ಉತ್ಪನ್ನಗಳ ಮೇಲೆ ಒಂದು ವರ್ಷದ ಎಂ.ಎಸ್ಸಿ. "ಅಕ್ಕ, ಏನೇನ್ ತಗಂಡೋಗ್ಬೇಕು, ಏನೇನ್ ಬಿಡ್ಬೇಕು, ಒಂದೇ ಹಾಳೇಲಿ ಬರ್ಕೊಡಿ. ಇಂಟರ್ನೆಟ್ಟಲ್ಲಿರೋದು ಬ್ಯಾಡ, ಅದನ್ನ ಓದೀ ಓದೀ ಸಾಕಾಗೈತೆ," ಎಂದಳು. ಒಂದು ಹಾಳೆ ತಾನೇ ಎಂದು ಒಪ್ಪಿಕೊಂಡೆ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಒಂದು ಹಾಳೆಯಿಂದಲೇ ಶುರುವಾಗಿವೆ.

ವಿದೇಶಕ್ಕೆ ಓದಲು ಹೊರಟವರಿಗೆ ಮೊದಲು ಸಿಗುವುದು ವೀಸಾ ಅಲ್ಲ, ಸಲಹೆ. ನಮ್ಮ ಹೊಳೆನರಸೀಪುರದ ಮನೆಗೆ ಆಗ ಬಂದುಹೋದವರು ಇಪ್ಪತ್ತಾರು ಜನ, ಮನೆಯವರದೂ ಸೇರಿ ಸಿಕ್ಕ ಸಲಹೆಗಳು ನಲವತ್ತೊಂದು. ಒಬ್ಬೊಬ್ಬರನ್ನೂ "ನಿಮ್ಮ ಹತ್ರ ಪಾಸ್‌ಪೋರ್ಟ್ ಇದೆಯಾ?" ಎಂದು ವಿನಯದಿಂದ ಕೇಳಿ ಬರೆದುಕೊಂಡಿದ್ದೇನೆ. ಇದ್ದದ್ದು ಇಬ್ಬರ ಹತ್ತಿರ. ಅವರಲ್ಲಿ ಒಬ್ಬರದು ಅವಧಿ ಮುಗಿದಿತ್ತು. ಅಲ್ಲಿ ಉಪ್ಪು ಸಪ್ಪಗಿರುತ್ತದಂತೆ, ಒಂದು ಪೊಟ್ಟಣ ಇಟ್ಟುಕೋ ಎಂದವರಿದ್ದರು. ತಲೆಗೆ ಹರಳೆಣ್ಣೆ ಹಾಕದೆ ವಿಮಾನ ಹತ್ತಿದರೆ ಉಷ್ಣವಾಗುತ್ತದೆ ಎಂದವರಿದ್ದರು. ಚನ್ನರಾಯಪಟ್ಟಣದ ಚಿಕ್ಕಮ್ಮ ಆರುನೂರು ಗ್ರಾಂ ಕೊಬ್ಬರಿ ತಂದರು. ಅರಕಲಗೂಡಿನ ಅತ್ತೆ ಎಂಟುನೂರು ಗ್ರಾಮಿನ ಕಬ್ಬಿಣದ ಕುಟ್ಟಾಣಿ ತಂದು, "ಮೆಣಸು ಕುಟ್ಟಕ್ಕೂ ಆಯ್ತದೆ, ಕಳ್ಳ ಬಂದ್ರೆ ತಲೆಗ್ ಎಸೆಯಕ್ಕೂ ಆಯ್ತದೆ," ಎಂದರು. ಅಮ್ಮನದು ಒಂದು ಕೆಜಿ ರಾಗಿಹಿಟ್ಟು.

ಇವೆಲ್ಲದರ ತೂಕ ನನಗೆ ಹೇಗೆ ಗೊತ್ತು ಎಂದರೆ, ಕೇಕ್ ಮಾಡಲು ತಂದು ಮೂಲೆ ಸೇರಿದ್ದ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಕಾಲುಚೀಲದಿಂದ ಹಿಡಿದು ಒಂದೊಂದನ್ನೂ ತೂಗಿದ್ದೆ. ಅರವತ್ನಾಲ್ಕು ಸಾಮಾನು, ಖಾಲಿ ಸೂಟ್‌ಕೇಸಿನ ತೂಕ ಸೇರಿ ಇಪ್ಪತ್ತೈದು ಕೆಜಿ ನಾನೂರು ಗ್ರಾಂ. ನನ್ನ ಟಿಕೆಟ್ಟಿಗೆ ಬಿಡುವುದು ಇಪ್ಪತ್ಮೂರು. ಇಷ್ಟು ಗೊತ್ತಿದ್ದ ಮನುಷ್ಯಳು ಅಲ್ಲೇ ಕೂತು ಎರಡು ಕೆಜಿ ನಾನೂರು ಗ್ರಾಂ ತೆಗೆಯಬೇಕಿತ್ತು. ಆದರೆ ಅಪ್ಪ, "ಮನೇಲಿ ದೊಡ್ಡ ಕಾಟಾನೇ ಇರೋವಾಗ ಇದ್ಯಾವ ಸೀಮೆ ತಕ್ಕಡಿ? ನಡಿ, ಅಣ್ಣನ ಹತ್ರ ತೂಗಿಸಣ," ಎಂದರು.

ಅಣ್ಣ ಎಂದರೆ ನನ್ನ ದೊಡ್ಡಪ್ಪ, ತೂಕದ ನಂಜಪ್ಪ. ಸಾಲಗಾಮೆಯಲ್ಲಿ ಮನೆ, ಹಾಸನದ ಒಂದು ಆಲೂಗೆಡ್ಡೆ ಮಂಡಿಯಲ್ಲಿ ಮೂವತ್ತು ವರ್ಷದಿಂದ ತೂಗುವ ಕೆಲಸ. ಕಾಟಾ ಎಂದರೆ ಅವರ ಮುಂದಿರುವ, ಚೀಲ ಇಟ್ಟು ತೂಗುವ ಕಬ್ಬಿಣದ ಯಂತ್ರ. ನಮ್ಮ ವಂಶದಲ್ಲಿ ಯಾವುದಾದರೂ ಭಾರ ಎಷ್ಟು ಎನ್ನುವ ಪ್ರಶ್ನೆ ಎದ್ದರೆ ಅವರು ಹೇಳಿದ್ದೇ ಕೊನೆ. ಮಂಡಿಯ ಒಂದು ರೂಢಿಯನ್ನು ನೀವೂ ತಿಳಿದಿರಬೇಕು. ರೈತರ ಆಲೂಗೆಡ್ಡೆ ತೂಗುವಾಗ ಗೋಣಿಚೀಲಕ್ಕೆಂದು ಒಂದು ಕೆಜಿ, ಮಣ್ಣಿಗೆಂದು ಒಂದು ಕೆಜಿ ಬಿಟ್ಟು ಉಳಿದದ್ದನ್ನು ಕೂಗುತ್ತಾರೆ. ಗ್ರಾಮುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂವತ್ತು ವರ್ಷ ಕೂಗಿದ ಮೇಲೆ ದೊಡ್ಡಪ್ಪನ ಕಣ್ಣು ಒಂದು ಅಂಕಿ ನೋಡಿದರೆ ಬಾಯಿ ತಾನಾಗಿಯೇ ಬೇರೆ ಅಂಕಿ ಹೇಳುತ್ತಿತ್ತು. ನನ್ನ ಅಕ್ಕನಿಗೆ ಮಗು ಹುಟ್ಟಿದಾಗ, ಮೂರು ಕೆಜಿ ಎಂದ ನರ್ಸಮ್ಮನಿಗೆ, "ಸುತ್ತಿರೋ ಬಟ್ಟೆದು ಕಳೆದ್ರೇನವ್ವ?" ಎಂದು ಕೇಳಿದವರು ಅವರು. ನನಗೆ ಆಗಲೇ ಹೊಳೆಯಬೇಕಿತ್ತು.

ಬೆಂಗಳೂರಿಗೆ ಹೋಗಲು ಚನ್ನರಾಯಪಟ್ಟಣದ ದಾರಿ ಹಿಡಿಯಬೇಕಾದ ಸೂಟ್‌ಕೇಸು, ಹೀಗೆ ತೂಗಿಸಿಕೊಳ್ಳಲೆಂದು ಹಾಸನದ ಬಸ್ಸು ಹತ್ತಿತು. ಮೇಲೆತ್ತಿಟ್ಟ ಕಂಡಕ್ಟರು, "ಇಪ್ಪತ್ತೈದರ ಮೇಲೈತೆ ಕಣಮ್ಮ," ಎಂದರು. ಕಂಡಕ್ಟರನ್ನು ಯಾರು ಕೇಳುತ್ತಾರೆ?

ಮಂಡಿಯಲ್ಲಿ ದೊಡ್ಡಪ್ಪ ಸೂಟ್‌ಕೇಸನ್ನು ಕಾಟಾದ ಮೇಲಿಟ್ಟು, ಪಟ್ಟಿಯ ಮೇಲಿನ ತೂಕದ ಗುಂಡು ಸರಿಸಿ, ಕತ್ತೆತ್ತಿ ಕೂಗಿದರು. "ಇಪ್ಪತ್ಮೂರು."

"ದೊಡ್ಡಪ್ಪ, ನನ್ನ ಲೆಕ್ಕದಲ್ಲಿ ಇಪ್ಪತ್ತೈದು ನಾನೂರಿದೆ," ಎಂದೆ.

"ನಿನ್ ತಕ್ಕಡೀಲಿ ಸಾಸಿವೆ ತೂಗು ಕಣವ್ವ. ಲೋಡುಗಟ್ಲೆ ತೂಗಿರೋನ್ ನಾನು."

ಮಂಡಿಯವರೆಲ್ಲ ನಕ್ಕರು. ನಾನು ಡೈರಿ ತೆಗೆದು ನನ್ನ ಮೊತ್ತವನ್ನು ಹೊಡೆದುಹಾಕಿ, ಮೇಲೆ ೨೩ ಎಂದು ಬರೆದೆ. ಅಂದಿನವರೆಗೆ ಯಾವ ಮೊತ್ತವನ್ನೂ ಹೊಡೆದುಹಾಕಿದವಳಲ್ಲ.

ಕಳಿಸಿಕೊಡಲು ಟೆಂಪೋ ಮಾಡಿಕೊಂಡು ಬೆಂಗಳೂರಿಗೆ ಬಂದವರು ಹನ್ನೊಂದು ಜನ. ಮಧ್ಯಾಹ್ನ ಎರಡು ಗಂಟೆಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸೂಟ್‌ಕೇಸು ಇಟ್ಟೆ. ಅಂಕಿ ಹೊಳೆಯಿತು: ೨೫.೪. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಮೊದಲು ಆದದ್ದು ಸಂತೋಷ. ಗ್ರಾಮಿಗೆ ಗ್ರಾಂ ತಾಳೆಯಾಗಿತ್ತು. ಎರಡು ಕೆಜಿ ನಾನೂರು ಗ್ರಾಂ ಹೆಚ್ಚಿದೆ ಎನ್ನುವುದು ಅದು ಮುಗಿದ ಮೇಲೆ ನೆನಪಾಯಿತು.

ಬಾಗಿಲಲ್ಲಿದ್ದ ಕಾವಲಿನವರನ್ನು ಕೇಳಿಕೊಂಡು ಸೂಟ್‌ಕೇಸನ್ನು ಹೊರಗೆ ಎಳೆದುತಂದು, ಕಂಬಿಯ ಪಕ್ಕ ನೆಲದ ಮೇಲೆ ಬಿಚ್ಚಿದೆ. ಹನ್ನೊಂದರಲ್ಲಿ ಹತ್ತು ಜನ ಬಗ್ಗಿದರು. ಎಲ್ಲರೂ ತಾವು ಕೊಟ್ಟದ್ದನ್ನು ಬಿಟ್ಟು ಬೇರೆಯವರು ಕೊಟ್ಟದ್ದನ್ನು ತೆಗೆ ಎಂದರು. "ಬುಕ್ಕು ತೆಗಿ, ಅಲ್ಲೇನ್ ಬುಕ್ಕಿಗೆ ಬರವಾ?" ಎಂದರು ಅತ್ತೆ, ಕುಟ್ಟಾಣಿಯ ಮೇಲೆ ಕೈಯಿಟ್ಟುಕೊಂಡು. "ಮೇಡಂ, ಇಲ್ಲಿ ಸಂತೆ ಹಾಕ್ಬೇಡಿ," ಎಂದು ಕಾವಲಿನವರು ಎರಡು ಸಲ ಹೇಳಿದರು. ಕೊನೆಗೆ ಕೊಬ್ಬರಿ, ಕುಟ್ಟಾಣಿ, ರಾಗಿಹಿಟ್ಟು ಹೊರಗೆ ಬಂದವು.

ಅಷ್ಟು ಹೊತ್ತೂ ಹಿಂದೆ ನಿಂತಿದ್ದ ದೊಡ್ಡಪ್ಪ ಮೆಲ್ಲಗೆ ಕೇಳಿದರು. "ಎಷ್ಟ್ ಬಂತವ್ವ?"

"ಇಪ್ಪತ್ತೈದು ನಾನೂರು."

ಅವರ ಮುಖ ಬಿದ್ದುಹೋಯಿತು. ಕುಟ್ಟಾಣಿ ಕಳೆದುಕೊಂಡ ಸಿಟ್ಟಿನಲ್ಲಿದ್ದ ಅತ್ತೆ ಸುಮ್ಮನಿರಲಿಲ್ಲ. "ಏನಣ್ಣಯ್ಯ, ಮೂವತ್ ವರ್ಸದಿಂದ ರೈತ್ರಿಗೂ ಇಂಗೇ ತೂಗ್ಕಂಡ್ ಬಂದಿದ್ಯಾ?"

ಯಾರೂ ನಗಲಿಲ್ಲ. ದೊಡ್ಡಪ್ಪನಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಇರುವುದು ತೂಕದ ನಂಜಪ್ಪ ಎನ್ನುವ ಹೆಸರೊಂದೇ. ಅದು ಅಲ್ಲಿ ಕುಟ್ಟಾಣಿಯ ಪಕ್ಕ ನೆಲಕ್ಕೆ ಬಿದ್ದಿತ್ತು. ನಾನು ಹೇಳಿದೆ: "ದೊಡ್ಡಪ್ಪಂದಲ್ಲ, ನಂದು ತಪ್ಪು. ತೂಗ್ಸಿದ್ ಮೇಲೆ ರಾಗಿಹಿಟ್ಟು ಇಟ್ಟೆ."

ಬೈಗುಳವೆಲ್ಲ ನನ್ನ ಕಡೆ ತಿರುಗಿತು. ನಾನು ಅಮ್ಮನ ಕೈಯಲ್ಲಿದ್ದ ದಪ್ಪ ಕೋಟನ್ನು ಮೈಮೇಲೆ ಹಾಕಿಕೊಂಡು, ಬೆವರುತ್ತ ಒಳಗೆ ಹೋದೆ.

ಆ ವರ್ಷವಿಡೀ ದೊಡ್ಡಪ್ಪ ನನ್ನ ಹತ್ತಿರ ಫೋನಿನಲ್ಲಿ ಮಾತಾಡಲಿಲ್ಲ. ಅಪ್ಪ ಅವರ ಮನೆಯಿಂದ ಫೋನ್ ಮಾಡಿದಾಗ ಹಿಂದಿನಿಂದ ಅವರ ದನಿ ಕೇಳುತ್ತಿತ್ತು: "ಅಲ್ಲೂ ಆಲೂಗೆಡ್ಡೆ ಬೆಳೀತಾರಂತೆ, ಮಣ್ಣಿಗೆ ಎಷ್ಟು ಕಳೀತಾರೆ ಕೇಳಿ." ಅಂಗಡಿಯಲ್ಲಿ ವಿಚಾರಿಸಿದೆ. ಅವರು ತೊಳೆದೇ ತೂಗುತ್ತಾರಂತೆ. ಅದನ್ನು ಅಪ್ಪನಿಗೆ ಹೇಳಿದೆ. ನಾನು ವಾಪಸ್ಸು ಬಂದ ಮೇಲೂ ಹಬ್ಬಗಳಲ್ಲಿ ಅವರು ನನ್ನನ್ನು ಕಂಡರೆ ಹಿತ್ತಲಿಗೆ ಹೋಗುತ್ತಿದ್ದರು. ಅವರಿಗೆ ನನ್ನ ಮೇಲೆ ಕೋಪ ಎಂದುಕೊಂಡಿದ್ದೆ.

ನಲವತ್ತೊಂದು ಸಲಹೆಗಳಲ್ಲಿ ಅಲ್ಲಿ ಉಪಯೋಗಕ್ಕೆ ಬಂದವು ಮೂರು. ಅಸಲು ಅಂಕಪಟ್ಟಿ, ಪ್ರವೇಶದ ಪತ್ರ, ಮಾತ್ರೆಗಳು ಮತ್ತು ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ ಎಂದದ್ದು ಅವಧಿ ಮುಗಿದ ಪಾಸ್‌ಪೋರ್ಟಿನವರು. ಮಳೆ ಕೋಟು ಇಲ್ಲಿ ಕೊಳ್ಳಬೇಡ, ಅಲ್ಲಿಯ ಮಳೆಗೆ ಅಲ್ಲಿಯದೇ ಬೇಕು ಎಂದದ್ದು ಇನ್ನೊಬ್ಬರು. ಮೂರನೆಯದು ಅಮ್ಮನದು: ಒಂದೇ ಒಂದು ಸಾರು ಮಾಡುವುದನ್ನು ಸರಿಯಾಗಿ ಕಲಿ, ನಾಲ್ಕು ಬೇಡ. ಅದಕ್ಕೆ ನಾನು ಸೇರಿಸುವುದು ಇಷ್ಟು. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ, ಹೊಗೆಯ ಗಂಟೆ ಹೊಡೆದರೆ ಇಡೀ ಹಾಸ್ಟೆಲ್ಲು ಕೆಳಗಿಳಿಯುತ್ತದೆ. ನನ್ನಿಂದ ಇಳಿದದ್ದು ಎರಡು ಸಲ. ರೂಮು ನೋಡದೆ, ಕಾಲೇಜಿನವರನ್ನು ವಿಚಾರಿಸದೆ ಯಾರಿಗೂ ಮುಂಗಡ ಕಳಿಸಬೇಡಿ. ಪಾಠ ಅರ್ಥವಾಗದಿದ್ದರೆ ಮೊದಲ ವಾರವೇ ಕೇಳಿ. ನಾನು ಏಳು ವಾರ ತಲೆಯಾಡಿಸಿಕೊಂಡು ಕೂತಿದ್ದೆ.

ನಿನ್ನೆ ಪವಿತ್ರ ತನ್ನ ಸೂಟ್‌ಕೇಸನ್ನು ಎಲ್ಲಿ ತೂಗಿಸುವುದು ಎಂದು ಕೇಳಿದಾಗ, ಬಾಯಿ ತಪ್ಪಿಯಲ್ಲ, ಬೇಕೆಂದೇ ದೊಡ್ಡಪ್ಪನ ಮಂಡಿ ಎಂದೆ. ಹಳೇ ಡೈರಿಯನ್ನೂ ಚೀಲದಲ್ಲಿಟ್ಟುಕೊಂಡೆ. ಅವಳ ಅಪ್ಪ ಸೂಟ್‌ಕೇಸು ಹೊತ್ತು ತಂದರು. ದೊಡ್ಡಪ್ಪ ನನ್ನನ್ನು ನೋಡಿದರು, ಸೂಟ್‌ಕೇಸನ್ನು ನೋಡಿದರು. ಹಿತ್ತಲಿಗೆ ಹೋಗಲು ಮಂಡಿಯಲ್ಲಿ ಹಿತ್ತಲಿಲ್ಲ. ಗುಂಡು ಸರಿಸಿದರು. ಎರಡು ಸಲ ಬಗ್ಗಿ ನೋಡಿದರು.

"ಇಪ್ಪತ್ನಾಕು ಕೆಜಿ ನೂರು ಗ್ರಾಂ. ಒಂದು ಕೆಜಿ ನೂರು ಗ್ರಾಂ ತೆಗೀರಿ. ಇದ್ರಲ್ಲಿ ಮಣ್ಣಿಲ್ಲ."

ಪವಿತ್ರಳ ಅಪ್ಪ ಇದೇ ಮಂಡಿಗೆ ಆಲೂಗೆಡ್ಡೆ ಹಾಕುವವರು. "ನಮ್ ಗೆಡ್ಡೆಗೂ ಇಂಗೇ ಗ್ರಾಮು ಹೇಳ್ಬುಟ್ರೆ ಆಗಕಿಲ್ವಾ ನಂಜಪ್ಪಣ್ಣ?"

"ನೀನೂ ಸೂಟ್ಕೇಸಲ್ಲಿ ತಗಂಬಾ, ಏಳ್ತೀನಿ," ಎಂದರು ದೊಡ್ಡಪ್ಪ. ನಗುತ್ತಿರಲಿಲ್ಲ. ನನ್ನ ಕಡೆ ತಿರುಗಿದರು. "ಅವತ್ತು ತೆಗೆದ್ ಸಾಮಾನೆಲ್ಲ ಮಾರ್ನೇ ದಿನ ಇಲ್ಲಿಗ್ ತಂದು ತೂಗ್ದೆ ಕಣವ್ವ. ಎರಡು ಕೆಜಿ ನಾನೂರು ಬಂತು. ಅದ್ರಲ್ಲಿ ರಾಗಿಹಿಟ್ಟು ಒಂದೇ ಕೆಜಿ. ಸುಳ್ ಏಳೋವಾಗ್ಲೂ ತೂಕ ನೋಡ್ಕಂಡ್ ಏಳ್ಬೇಕು."

ಲೆಕ್ಕದವಳ ಸುಳ್ಳಿನಲ್ಲಿ ಒಂದು ಕೆಜಿ ನಾನೂರು ಗ್ರಾಂ ಕಡಿಮೆ ಬಿದ್ದಿತ್ತು, ಅದನ್ನು ಅವರು ಎರಡು ವರ್ಷ ಹೊತ್ತಿದ್ದರು.

"ಆ ಬುಕ್ಕು ಐತಾ?"

ಕೊಟ್ಟೆ. ಪುಟ ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಮ್ಮ ೨೩ನ್ನು ಹೊಡೆದುಹಾಕಿದರು. ಕೆಳಗೆ ದೊಡ್ಡದಾಗಿ ೨೫.೪೦೦ ಎಂದು ಬರೆದರು. "ನಿಮ್ಮತ್ತೆಗೆ ನಾನೇ ಫೋನ್ ಮಾಡ್ತೀನಿ," ಎಂದು ಡೈರಿ ವಾಪಸ್ಸು ಕೊಟ್ಟರು.

ಮುಂದಿನ ಚೀಲ ಕಾಟಾದ ಮೇಲೆ ಬಂದಿತ್ತು. ಯಾರೋ ವಯಸ್ಸಾದ ರೈತರದು. ದೊಡ್ಡಪ್ಪ ಕತ್ತೆತ್ತಿದರು. "ಐವತ್ತೆರಡು." ನಿಂತರು. ಕೆಮ್ಮಿದರು. "ಚೀಲಕ್ಕೊಂದು, ಮಣ್ಣಿಗೊಂದು. ಐವತ್ತು."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿದ. "ಏನ್ ನಂಜಪ್ಪಣ್ಣ, ಪಾಠ ಒಪ್ಪಿಸ್ದಂಗೆ ಕೂಗ್ತಿದ್ಯಲ್ಲ ಇವತ್ತು?"

"ಬರ್ಕಳಯ್ಯ ಸುಮ್ನೆ."

ಚೀಲದ ರೈತರು ಮುಂದೆ ಬಂದರು. "ಮಣ್ಣಿಗೆ ಒಂದ್ ಕೆಜಿನಾ? ಎಲ್ಲೈತೆ ಮಣ್ಣು ತೋರ್ಸಿ ಸಾ. ಒದರ್ಕಂಡ್ ತಂದಿವ್ನಿ."

ಆ ಜಗಳ ಹದಿನೇಳು ನಿಮಿಷ ನಡೆಯಿತು. ಚೀಲ ಬಿಚ್ಚಿದರು, ಗೆಡ್ಡೆ ಉಜ್ಜಿದರು. ಮಂಡಿಯ ಯಜಮಾನರು ಒಳಗಿನಿಂದ ಎದ್ದು ಬಂದರು. ಕೊನೆಗೆ ಮಣ್ಣು ಅರ್ಧ ಕೆಜಿಗೆ ಇಳಿಯಿತು. ಅಷ್ಟರಲ್ಲಿ ಹಿಂದಿನ ಸಾಲಿನ ರೈತರೂ ತಮ್ಮ ತಮ್ಮ ಚೀಲಗಳನ್ನು ಒದರಿ ಮಣ್ಣು ಉದುರಿಸಲು ಶುರುಮಾಡಿದ್ದರು.

ಪವಿತ್ರಳ ಹಾಳೆಯಲ್ಲಿ ಮೊದಲ ಸಾಲು ಈಗ ಹೀಗಿದೆ: ನಿನ್ನ ಮೊತ್ತವನ್ನು ಯಾರು ನಕ್ಕರೂ ಹೊಡೆದುಹಾಕಬೇಡ. ಎರಡನೆಯ ಸಾಲಿಗೆ ಕುಟ್ಟಾಣಿಯನ್ನು ಬರೆದು ಅಡ್ಡಗೆರೆ ಎಳೆದಿದ್ದೇನೆ. ಉಳಿದ ಹಾಳೆ ಖಾಲಿಯಿದೆ, ಗಂಟೆ ಹನ್ನೆರಡೂ ಐದಾಗಿದೆ. ಅವಳು ಹೊರಡುವುದು ಗುರುವಾರ. ಹೋಗಿಬಂದವರು, ನನಗಿಂತ ಹೆಚ್ಚು ತಿಳಿದವರು ಅಷ್ಟರೊಳಗೆ ಎರಡು ಸಾಲು ಬರೆದು ಕಳಿಸಿ. ತಗೊಂಡು ಹೋಗು ಎನ್ನುವ ಪ್ರತಿ ಸಾಮಾನಿನ ಮುಂದೆ ಅದರ ತೂಕವಿರಲಿ, ಏನನ್ನಾದರೂ ಕಳೆದಿದ್ದರೆ ಎಷ್ಟು, ಯಾತಕ್ಕೆ ಎಂದೂ ಇರಲಿ. ನಿಮ್ಮ ಹತ್ತಿರ ಪಾಸ್‌ಪೋರ್ಟ್ ಇದೆಯೋ ಇಲ್ಲವೋ ತಿಳಿಸಿ. ಇಲ್ಲದಿದ್ದರೂ ಬರೆಯಿರಿ, ಅದಕ್ಕೆ ಬೇರೆ ಕಾಲಂ ಹಾಕಿದ್ದೇನೆ.